ಹಳೆಯ ಡ್ರೋನ್‌ಗೆ ಹೊಸ ಬ್ಯಾಟರಿ: ಬೆಲೆಗಿಂತ ಮೊದಲು ದಿನಾಂಕ ನೋಡಿ

ಬೆಂಗಳೂರು: ಮದುವೆಯ ದಿನಗಳು ಸಮೀಪಿಸುತ್ತಿದ್ದಂತೆ ರಾಜ್ಯದ ಊರೂರುಗಳ ಸ್ಟುಡಿಯೋಗಳಲ್ಲಿ ಅಟ್ಟದ ಮೇಲಿದ್ದ ಡ್ರೋನ್ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಏಳೆಂಟು ವರ್ಷಗಳ ಹಿಂದೆ ಸಾಲ ಮಾಡಿ ಕೊಂಡ ಯಂತ್ರ ಅದು. ಮೋಟಾರುಗಳು ಸರಿಯಾಗಿವೆ, ಕ್ಯಾಮೆರಾ ಇಂದಿಗೂ ಒಳ್ಳೆಯ ಚಿತ್ರ ಕೊಡುತ್ತದೆ. ಆದರೆ ಬ್ಯಾಟರಿಯನ್ನು ಗೂಡಿನೊಳಗೆ ತಳ್ಳಿದರೆ ಸಲೀಸಾಗಿ ಹೋಗುವುದಿಲ್ಲ. ಅದರ ಹೊಟ್ಟೆ ಉಬ್ಬಿದೆ. ಜೊತೆಗಿದ್ದ ಇನ್ನೊಂದು ಬ್ಯಾಟರಿ ಒಳಗೆ ಹೋಗುತ್ತದೆ ನಿಜ. ಆದರೆ ಹಿಂದೆ ಇಪ್ಪತ್ತೈದು ನಿಮಿಷ ಹಾರಿಸುತ್ತಿದ್ದ ಅದು ಹತ್ತು ನಿಮಿಷಕ್ಕೇ ಎಚ್ಚರಿಕೆಯ ಸದ್ದು ಹೊರಡಿಸುತ್ತದೆ.

ಮುಂದಿನ ವಾರವೇ ಮುಹೂರ್ತ. ಬದಲಿ ಬ್ಯಾಟರಿ ಬೇಕು. ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂಬ ಎರಡು ಪ್ರಶ್ನೆಗಳೇ ಆಗ ಮುಂದೆ ನಿಲ್ಲುತ್ತವೆ. ಆದರೆ ಇವೆರಡಕ್ಕಿಂತ ಮುಖ್ಯವಾದ ಮೂರನೆಯ ಪ್ರಶ್ನೆಯೊಂದಿದೆ. ಆ ಬ್ಯಾಟರಿ ತಯಾರಾದದ್ದು ಯಾವಾಗ ಎಂಬುದೇ ಆ ಪ್ರಶ್ನೆ. ಇದನ್ನು ಕೇಳದೆ ಕೊಂಡ ಬ್ಯಾಟರಿ ಹಣವನ್ನಷ್ಟೇ ಅಲ್ಲ, ಚಪ್ಪರದಡಿ ಕುಳಿತವರ ತಲೆಯನ್ನೂ ಅಪಾಯಕ್ಕೆ ಒಡ್ಡಬಲ್ಲದು.

ಈ ಪ್ರಶ್ನೆ ಈಗೇಕೆ?

ಭಾರತದಲ್ಲಿ ಮದುವೆ, ಜಾತ್ರೆ, ಜಮೀನು ಸಮೀಕ್ಷೆಗಳಿಗೆ ಡ್ರೋನ್ ಬಳಸುವ ರೂಢಿ ಹರಡಿದ್ದು ಡಿಜೆಐ ಸಂಸ್ಥೆಯ ಫ್ಯಾಂಟಮ್ ಮತ್ತು ಮ್ಯಾವಿಕ್ ಮಾಲಿಕೆಗಳ ಕಾಲದಲ್ಲಿ. ಫ್ಯಾಂಟಮ್ 3 ಬಂದದ್ದು 2015ರಲ್ಲಿ. ಫ್ಯಾಂಟಮ್ 4, ಫ್ಯಾಂಟಮ್ 4 ಪ್ರೊ ಮತ್ತು ಮ್ಯಾವಿಕ್ ಪ್ರೊ 2016ರಲ್ಲಿ ಬಂದವು. ಸ್ಪಾರ್ಕ್ 2017ರಲ್ಲಿ, ಮ್ಯಾವಿಕ್ 2 ಮಾದರಿಗಳು 2018ರಲ್ಲಿ ಮಾರುಕಟ್ಟೆ ಕಂಡವು. ಇವುಗಳ ತಯಾರಿಕೆ ಈಗ ನಿಂತಿದೆ.

ಬೇರೆ ಸಂಸ್ಥೆಗಳ ಡ್ರೋನ್ ಇಟ್ಟುಕೊಂಡವರ ಸ್ಥಿತಿ ಇನ್ನೂ ಕಷ್ಟ. ಅಮೆರಿಕದ 3ಡಿ ರೊಬಾಟಿಕ್ಸ್ ತನ್ನ ಸೋಲೋ ಡ್ರೋನ್ ಬಿಡುಗಡೆ ಮಾಡಿದ ಮರುವರ್ಷವೇ, ಅಂದರೆ 2016ರಲ್ಲಿ, ಗ್ರಾಹಕರ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಗೋಪ್ರೊ ಸಂಸ್ಥೆ ಕರ್ಮಾ ಡ್ರೋನ್ ವ್ಯವಹಾರದಿಂದ ಹೊರಬರುವುದಾಗಿ 2018ರ ಜನವರಿಯಲ್ಲಿ ಪ್ರಕಟಿಸಿತು. ಫ್ರಾನ್ಸಿನ ಪ್ಯಾರಟ್ 2019ರಲ್ಲಿ ಆಟಿಕೆ ಡ್ರೋನ್‌ಗಳಿಗೆ ವಿದಾಯ ಹೇಳಿತು.

ಇತ್ತ ನಮ್ಮ ದೇಶದಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು 2022ರ ಫೆಬ್ರುವರಿ 9ರಂದು ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗೆ ಮಾತ್ರ ಅನುಮತಿ ಪಡೆದು ತರಿಸಲು ವಿನಾಯಿತಿ ಇಡಲಾಯಿತು. ಬಿಡಿಭಾಗಗಳ ಆಮದನ್ನು ಆ ಅಧಿಸೂಚನೆ ತಡೆಯಲಿಲ್ಲ. ಹೀಗಾಗಿ ಹಳೆಯ ಡ್ರೋನ್ ಹೊಂದಿದವರಿಗೆ ಅದೇ ಬಗೆಯ ಹೊಸದನ್ನು ಕೊಳ್ಳುವ ದಾರಿ ಕಿರಿದಾಯಿತು. ಇರುವುದನ್ನೇ ಬ್ಯಾಟರಿ ಬದಲಿಸಿ ಓಡಿಸುವ ಆಸೆ ಸಹಜವಾಗಿಯೇ ಬಲವಾಯಿತು.

ಬ್ಯಾಟರಿಗೆ ಎರಡು ವಯಸ್ಸು

ಈ ಡ್ರೋನ್‌ಗಳಲ್ಲಿ ಬಹುತೇಕವು ಬಳಸುವುದು ಲೀಥಿಯಂ ಪಾಲಿಮರ್ ಸೆಲ್‌ಗಳನ್ನು. ಬಳಕೆದಾರರ ಬಾಯಲ್ಲಿ ಇವು 'ಲೈಪೋ'. ಗಟ್ಟಿ ಲೋಹದ ಡಬ್ಬಿಯ ಬದಲು ತೆಳುವಾದ ಚೀಲದಂಥ ಹೊದಿಕೆಯಲ್ಲಿ ಇವು ಇರುತ್ತವೆ. ತೂಕ ಕಡಿಮೆ, ಬೇಕೆಂದಾಗ ಒಮ್ಮೆಗೇ ಹೆಚ್ಚು ವಿದ್ಯುತ್ ಕೊಡುವ ಶಕ್ತಿ ಹೆಚ್ಚು. ಹಾರುವ ಯಂತ್ರಕ್ಕೆ ಬೇಕಾದ ಗುಣಗಳೇ ಇವು. ಆದರೆ ಇವುಗಳ ಆಯುಷ್ಯ ಸೀಮಿತ.

ಲೈಪೋ ಬ್ಯಾಟರಿಯ ವಯಸ್ಸನ್ನು ಎರಡು ರೀತಿಯಲ್ಲಿ ಎಣಿಸಬೇಕಾಗುತ್ತದೆ. ಎಷ್ಟು ಬಾರಿ ಚಾರ್ಜ್ ಆಗಿ ಖಾಲಿಯಾಯಿತು ಎಂಬುದು ಒಂದು. ಸಾಮಾನ್ಯವಾಗಿ ಇದನ್ನು ಕೆಲವು ನೂರು ಬಾರಿ ಎಂದು ಲೆಕ್ಕ ಹಾಕಲಾಗುತ್ತದೆ. ತಯಾರಾಗಿ ಎಷ್ಟು ವರ್ಷವಾಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ.

ಒಮ್ಮೆಯೂ ಬಳಸದೆ ಪೆಟ್ಟಿಗೆಯಲ್ಲೇ ಇಟ್ಟರೂ ಸೆಲ್‌ನೊಳಗಿನ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ. ವಿದ್ಯುದಗ್ರಗಳ ಮೇಲಿನ ತೆಳುಪದರ ನಿಧಾನವಾಗಿ ದಪ್ಪವಾಗುತ್ತದೆ. ಲೀಥಿಯಂನ ಒಂದಂಶ ಅಲ್ಲಿಯೇ ಸಿಕ್ಕಿಬೀಳುತ್ತದೆ. ಸಾಮರ್ಥ್ಯ ಕುಗ್ಗುತ್ತದೆ, ಒಳಗಿನ ವಿದ್ಯುತ್ ರೋಧ ಏರುತ್ತದೆ. ದ್ರಾವಣ ವಿಘಟನೆಗೊಂಡು ಅನಿಲ ಹುಟ್ಟಿದಾಗ ಚೀಲ ಉಬ್ಬುತ್ತದೆ. ಪೂರ್ತಿ ಚಾರ್ಜ್ ಮಾಡಿ ಬಿಸಿ ಜಾಗದಲ್ಲಿ ಇಟ್ಟರಂತೂ ಈ ಮುಪ್ಪು ಇನ್ನಷ್ಟು ಬೇಗ ಬರುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಉಳಿದ ಬ್ಯಾಟರಿಯ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ.

ಇನ್ನೊಂದು ಕಡೆ, ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಬಿಟ್ಟರೂ ಸೆಲ್ ಕೆಡುತ್ತದೆ. ವೋಲ್ಟೇಜ್ ತೀರಾ ಕೆಳಗಿಳಿದಾಗ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಒಳಗೆ ಶಾರ್ಟ್ ಸರ್ಕ್ಯೂಟ್‌ಗೆ ಕಾರಣವಾಗಬಹುದು.

ಇದರ ಅರ್ಥ ಸ್ಪಷ್ಟ. 2018ರಲ್ಲಿ ತಯಾರಾಗಿ ಗೋದಾಮಿನಲ್ಲಿ ಉಳಿದು ಇಂದು 'ಸೀಲ್ ಒಡೆಯದ ಹೊಸ ಮಾಲು' ಎಂದು ಮಾರಾಟವಾಗುವ ಅಸಲಿ ಬ್ಯಾಟರಿ ನಿಜಕ್ಕೂ ಹೊಸದಲ್ಲ. ಅದರ ಮೇಲೆ ಕಂಪನಿಯ ಹೆಸರಿರಬಹುದು, ಹೊದಿಕೆ ಹೊಳೆಯುತ್ತಿರಬಹುದು. ಆದರೆ ಒಳಗಿನ ಸೆಲ್ ವರ್ಷಗಳನ್ನು ಕಳೆದಿದೆ.

ಆಕಾಶದಲ್ಲಿ ಏನಾಗುತ್ತದೆ?

ಮುಪ್ಪಾದ ಬ್ಯಾಟರಿ ಹಾರಾಟದ ಅವಧಿಯನ್ನು ಕಡಿಮೆ ಮಾಡುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅಪಾಯ ಇರುವುದು ರೋಧ ಏರುವುದರಲ್ಲಿ.

ಫ್ಯಾಂಟಮ್ 4 ಪ್ರೊ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಅದರ ಬ್ಯಾಟರಿ 15.2 ವೋಲ್ಟ್, 5870 ಮಿಲಿ ಆಂಪಿಯರ್ ಅವರ್ ಸಾಮರ್ಥ್ಯದ್ದು. ಸುಮಾರು 30 ನಿಮಿಷ ಹಾರಾಟ ಎಂಬುದು ತಯಾರಕರ ಲೆಕ್ಕ. ಅಂದರೆ ಸರಾಸರಿ 12 ಆಂಪಿಯರ್‌ನಷ್ಟು ವಿದ್ಯುತ್ ಹರಿಯುತ್ತದೆ. ಆರೋಗ್ಯವಂತ ಸೆಲ್ ಒಂದರ ರೋಧ 5 ಮಿಲಿ ಓಮ್ ಎಂದಿಟ್ಟುಕೊಂಡರೆ ಆ ಸೆಲ್‌ನಲ್ಲಿ 0.06 ವೋಲ್ಟ್ ಕುಸಿತ. ಮುಪ್ಪಾಗಿ ರೋಧ 30 ಮಿಲಿ ಓಮ್‌ಗೆ ಏರಿದ್ದರೆ ಕುಸಿತ 0.36 ವೋಲ್ಟ್. ಗಾಳಿಗೆ ಎದುರಾಗಿ ಅಥವಾ ಮೇಲಕ್ಕೆ ಜಿಗಿಯುವಾಗ ವಿದ್ಯುತ್ ಹರಿವು ದುಪ್ಪಟ್ಟಾದರೆ ಕುಸಿತವೂ ದುಪ್ಪಟ್ಟಾಗಿ 0.7 ವೋಲ್ಟ್ ದಾಟುತ್ತದೆ.

ಪರದೆಯ ಮೇಲೆ ಶೇ 40ರಷ್ಟು ಚಾರ್ಜ್ ಕಾಣುತ್ತಿರುವಾಗಲೇ ಒಂದು ಸೆಲ್ ತನ್ನ ಕನಿಷ್ಠ ಮಿತಿಗಿಂತ ಕೆಳಗೆ ಬೀಳುವುದು ಹೀಗೆ. ನಾಲ್ಕು ಸೆಲ್‌ಗಳು ಸಾಲಾಗಿ ಜೋಡಿಸಲ್ಪಟ್ಟಿರುವುದರಿಂದ ಒಂದು ಸೋತರೆ ನಾಲ್ಕೂ ಸೋತಂತೆ. ಡ್ರೋನ್ ಬಲವಂತವಾಗಿ ಇಳಿಯುತ್ತದೆ, ಇಲ್ಲವೇ ಬೀಳುತ್ತದೆ. ಫ್ಯಾಂಟಮ್ 4 ಪ್ರೊ ತೂಕ 1388 ಗ್ರಾಂ. ತೆಂಗಿನ ಮರದೆತ್ತರದಿಂದ ಅಷ್ಟು ತೂಕ ಬಿದ್ದರೆ ಆಗುವುದನ್ನು ವಿವರಿಸಬೇಕಿಲ್ಲ.

ಜಾಗ್ರತೆಯಿಂದ ನಿರ್ವಹಿಸುವ ದೊಡ್ಡ ವೃತ್ತಿಪರ ಡ್ರೋನ್‌ಗಳಲ್ಲೂ ಇಂಥದ್ದು ಸಂಭವಿಸಿದೆ. 2018ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರವು ಡಿಜೆಐ ಮ್ಯಾಟ್ರಿಸ್ 200 ಮಾಲಿಕೆ ಮತ್ತು ಇನ್‌ಸ್ಪೈರ್ 2 ಡ್ರೋನ್‌ಗಳಲ್ಲಿ ಬಳಸುವ ಟಿಬಿ50 ಮತ್ತು ಟಿಬಿ55 ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಬ್ಯಾಟರಿಯಲ್ಲಿ ಸಾಕಷ್ಟು ಚಾರ್ಜ್ ಉಳಿದಿದೆ ಎಂದು ತೋರಿಸುತ್ತಿದ್ದಾಗಲೇ ಕೆಲವು ಯಂತ್ರಗಳು ಆಕಾಶದಲ್ಲಿ ಸಂಪೂರ್ಣ ವಿದ್ಯುತ್ ಕಳೆದುಕೊಂಡಿದ್ದವು. ಜನರ ಮೇಲೆ ಹಾರಿಸುವುದಕ್ಕೆ ಪ್ರಾಧಿಕಾರ ತಡೆ ಹಾಕಿತು. ತಯಾರಕರು ನಂತರ ಫರ್ಮ್‌ವೇರ್ ಬದಲಿಸಿ ಕೊಟ್ಟರು.

ಅದಕ್ಕೂ ಮೊದಲು, 2016ರ ನವೆಂಬರ್ 8ರಂದು ಗೋಪ್ರೊ ಸಂಸ್ಥೆ ಮಾರಾಟವಾದ ಸುಮಾರು 2,500 ಕರ್ಮಾ ಡ್ರೋನ್‌ಗಳನ್ನೂ ವಾಪಸು ಕರೆಸಿಕೊಂಡಿತ್ತು. ಬ್ಯಾಟರಿಯನ್ನು ಹಿಡಿದಿಡುವ ಚಿಲಕ ಸಡಿಲಗೊಂಡು ಹಾರಾಟದ ನಡುವೆಯೇ ಸಂಪರ್ಕ ತಪ್ಪುತ್ತಿದ್ದದ್ದು ಅದಕ್ಕೆ ಕಾರಣ. ಬ್ಯಾಟರಿಯ ಒಳಗಿನ ಸೆಲ್‌ನಷ್ಟೇ ಅದು ಗೂಡಿನಲ್ಲಿ ಬಿಗಿಯಾಗಿ ಕೂರುವುದೂ ಮುಖ್ಯ ಎಂಬುದಕ್ಕೆ ಇದು ಸಾಕ್ಷಿ. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುವ ನಕಲಿ ಹೊದಿಕೆಯ ಬ್ಯಾಟರಿ ಕೊಳ್ಳುವವರು ಇದನ್ನು ನೆನಪಿಡಬೇಕು.

ಲೇಬಲ್ ಓದುವ ಬಗೆ

ಬ್ಯಾಟರಿಯ ಮೇಲೆ ಮೂರು ಸಂಖ್ಯೆಗಳಿರುತ್ತವೆ: ವೋಲ್ಟ್, ಮಿಲಿ ಆಂಪಿಯರ್ ಅವರ್ ಮತ್ತು ವ್ಯಾಟ್ ಅವರ್. ಮೊದಲ ಎರಡನ್ನು ಗುಣಿಸಿ ಸಾವಿರದಿಂದ ಭಾಗಿಸಿದರೆ ಮೂರನೆಯದು ಬರಬೇಕು. ಬಾರದಿದ್ದರೆ ಲೇಬಲ್ಲೇ ಸುಳ್ಳು.

ಅಸಲಿ ಬ್ಯಾಟರಿಗಳ ಅಂಕಿಗಳು ಹೀಗಿವೆ:

ಫ್ಯಾಂಟಮ್ 3: 15.2 ವೋಲ್ಟ್, 4480 ಮಿಲಿ ಆಂಪಿಯರ್ ಅವರ್, 68 ವ್ಯಾಟ್ ಅವರ್, ತೂಕ 365 ಗ್ರಾಂ.

ಫ್ಯಾಂಟಮ್ 4 ಪ್ರೊ: 15.2 ವೋಲ್ಟ್, 5870 ಮಿಲಿ ಆಂಪಿಯರ್ ಅವರ್, 89.2 ವ್ಯಾಟ್ ಅವರ್, ತೂಕ 468 ಗ್ರಾಂ.

ಮ್ಯಾವಿಕ್ ಪ್ರೊ: 11.4 ವೋಲ್ಟ್, 3830 ಮಿಲಿ ಆಂಪಿಯರ್ ಅವರ್, 43.6 ವ್ಯಾಟ್ ಅವರ್, ತೂಕ ಸುಮಾರು 240 ಗ್ರಾಂ.

ಈ ಅಂಕಿಗಳಲ್ಲೇ ಒಂದು ಸುಲಭವಾದ ಪರೀಕ್ಷೆ ಅಡಗಿದೆ. ವ್ಯಾಟ್ ಅವರ್ ಅನ್ನು ತೂಕದಿಂದ ಭಾಗಿಸಿ ನೋಡಿದರೆ ಮೂರೂ ಬ್ಯಾಟರಿಗಳು ಕಿಲೋಗ್ರಾಂಗೆ 180ರಿಂದ 190 ವ್ಯಾಟ್ ಅವರ್ ಆಸುಪಾಸಿನಲ್ಲೇ ನಿಲ್ಲುತ್ತವೆ. ಅದೇ ಗಾತ್ರ, ಅದೇ ತೂಕದಲ್ಲಿ 'ಶೇ 30ರಷ್ಟು ಹೆಚ್ಚು ಸಾಮರ್ಥ್ಯ' ಎಂದು ಯಾರಾದರೂ ಮಾರಿದರೆ ಅನುಮಾನಿಸಬೇಕು. ಅಸಲಿಗಿಂತ ಬ್ಯಾಟರಿ ಗಣನೀಯವಾಗಿ ಹಗುರವಿದ್ದರೆ ಒಳಗೆ ಕಡಿಮೆ ಸಾಮರ್ಥ್ಯದ ಸೆಲ್ ಇರುವ ಸಂಭವವೇ ಹೆಚ್ಚು. ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಮಾದರಿಯ ಹೆಸರನ್ನೂ ಎಚ್ಚರದಿಂದ ನೋಡಬೇಕು. ಫ್ಯಾಂಟಮ್ 3 ಮತ್ತು ಫ್ಯಾಂಟಮ್ 4 ಎರಡಕ್ಕೂ 15.2 ವೋಲ್ಟ್ ಎಂದಿದ್ದರೂ ಒಂದರ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಮ್ಯಾವಿಕ್ ಪ್ರೊ ಮತ್ತು ಮ್ಯಾವಿಕ್ 2 ಕೂಡ ಹಾಗೆಯೇ. ಆದರೆ ಫ್ಯಾಂಟಮ್ 4 ಪ್ರೊಗಾಗಿ ಬಂದ 5870ರ ಬ್ಯಾಟರಿಯನ್ನು 5350ರ ಬ್ಯಾಟರಿಯೊಂದಿಗೆ ಬಂದಿದ್ದ ಮೂಲ ಫ್ಯಾಂಟಮ್ 4ಕ್ಕೂ ಬಳಸಬಹುದು.

ಭಾರತದಲ್ಲಿ ಮಾರಾಟವಾಗುವ, ಹೊತ್ತೊಯ್ಯಬಹುದಾದ ಉಪಕರಣಗಳ ಲೀಥಿಯಂ ಬ್ಯಾಟರಿಗಳಿಗೆ ಐಎಸ್ 16046 ಮಾನಕದಡಿ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಬ್ಯಾಟರಿಯ ಮೇಲೆ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯಿದ್ದರೆ ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಅದನ್ನು ಹಾಕಿ ಯಾರ ಹೆಸರಿನಲ್ಲಿದೆ ಎಂದು ನೋಡಬಹುದು. ಸಂಖ್ಯೆಯೇ ಇಲ್ಲದಿದ್ದರೆ ಅಂಗಡಿಯವರನ್ನು ಕೇಳುವುದು ಕೊಳ್ಳುವವರ ಹಕ್ಕು.

ಮಾರುಕಟ್ಟೆಯ ನಾಲ್ಕು ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ವಿಚಾರಿಸಲಿ, ಆನ್‌ಲೈನ್ ಮಳಿಗೆಯಲ್ಲಿ ಹುಡುಕಲಿ, ಹಳೆಯ ಡ್ರೋನ್ ಬ್ಯಾಟರಿಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಉಳಿದುಹೋದ ಅಸಲಿ ದಾಸ್ತಾನು. ಹೊದಿಕೆ, ಚಿಪ್, ಅಳತೆ ಎಲ್ಲವೂ ಸರಿಯಿರುತ್ತವೆ. ವಯಸ್ಸೇ ಇದರ ದೋಷ. ತಯಾರಿಕೆ ದಿನಾಂಕ ಎರಡು ವರ್ಷಕ್ಕಿಂತ ಹಿಂದಿನದಾಗಿದ್ದರೆ ಪೂರ್ತಿ ಬೆಲೆ ಕೊಡಲು ಕಾರಣವಿಲ್ಲ. ನಾಲ್ಕೈದು ವರ್ಷ ದಾಟಿದ್ದರೆ ಪರೀಕ್ಷೆ ಮಾಡದೆ ಕೊಳ್ಳಲೇಬಾರದು.

ಎರಡನೆಯದು, ಬೇರೆ ಸಂಸ್ಥೆಗಳು ತಯಾರಿಸಿದ ಪರ್ಯಾಯ ಬ್ಯಾಟರಿ. ಇದರಲ್ಲಿ ಸೆಲ್ ಹೊಸದಾಗಿರುವ ಸಾಧ್ಯತೆ ಇದೆ. ಆದರೆ ಗುಣಮಟ್ಟ ಒಂದೇ ತೆರನಾಗಿರುವುದಿಲ್ಲ. ಕೆಲವು ಡ್ರೋನ್‌ಗಳು ಬ್ಯಾಟರಿಯ ಚಿಪ್‌ನೊಂದಿಗೆ ಮಾತನಾಡಿ ಅದು ತಮ್ಮದಲ್ಲವೆಂದು ಎಚ್ಚರಿಕೆ ತೋರಿಸುತ್ತವೆ. ತನ್ನದೇ ಹೆಸರು, ವಿಳಾಸ ಮತ್ತು ವಾರಂಟಿಯೊಂದಿಗೆ ಮಾರುವ ಪರ್ಯಾಯ ಬ್ಯಾಟರಿ ಒಂದು ತರಹ. ಅಸಲಿಯ ಹೆಸರನ್ನೇ ಅಂಟಿಸಿಕೊಂಡು ಬರುವ ನಕಲಿ ಇನ್ನೊಂದು ತರಹ. ಮೊದಲನೆಯದನ್ನು ಪರಿಶೀಲಿಸಿ ಕೊಳ್ಳಬಹುದು, ಎರಡನೆಯದನ್ನು ಮುಟ್ಟಬಾರದು.

ಮೂರನೆಯದು, ಹಳೆಯ ಹೊದಿಕೆಯೊಳಗೆ ಸೆಲ್ ಬದಲಿಸಿದ ಬ್ಯಾಟರಿ. ಇಲ್ಲಿ ಕಣ್ಣಿಗೆ ಕಾಣದ ಅಪಾಯವೊಂದಿದೆ. ಸಾಮಾನ್ಯ ಲೈಪೋ ಸೆಲ್‌ನ ಗರಿಷ್ಠ ವೋಲ್ಟೇಜ್ 4.2. ಆದರೆ ಫ್ಯಾಂಟಮ್ 3, ಫ್ಯಾಂಟಮ್ 4, ಮ್ಯಾವಿಕ್ ಪ್ರೊಗಳಲ್ಲಿ ಇರುವುದು 4.35 ವೋಲ್ಟ್‌ವರೆಗೆ ಚಾರ್ಜ್ ಆಗುವ ವಿಶೇಷ ಸೆಲ್. ಅವುಗಳ ಚಾರ್ಜರ್ ಕೂಡ ಅದಕ್ಕೆ ತಕ್ಕಂತೆ ನಾಲ್ಕು ಸೆಲ್‌ಗೆ 17.4 ವೋಲ್ಟ್‌ನಷ್ಟು ತುಂಬಿಸುತ್ತದೆ. ರಿಪೇರಿಯವರು ಸಾಮಾನ್ಯ ಸೆಲ್ ಹಾಕಿಬಿಟ್ಟರೆ ಪ್ರತಿ ಸೆಲ್ ತನ್ನ ಮಿತಿ ಮೀರಿ ಚಾರ್ಜ್ ಆಗುತ್ತದೆ. ಬೆಂಕಿಗೆ ಇಷ್ಟು ಸಾಕು. ಜೊತೆಗೆ, ಒಳಗಿನ ಚಿಪ್ ಹಳೆಯ ಸೆಲ್‌ನ ಲೆಕ್ಕವನ್ನೇ ಇಟ್ಟುಕೊಂಡಿದ್ದರೆ ಅದು ತೋರಿಸುವ ಶೇಕಡಾವಾರು ನಂಬಲರ್ಹವಲ್ಲ. ಯಾವ ಸೆಲ್ ಹಾಕಲಾಗಿದೆ, ಚಿಪ್‌ನ ಲೆಕ್ಕ ಹೊಸದಾಗಿ ಹೊಂದಿಸಲಾಗಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಕೊಡದವರ ಕೈಗೆ ಬ್ಯಾಟರಿ ಕೊಡುವುದು ತರವಲ್ಲ.

ನಾಲ್ಕನೆಯದು, ಬಳಸಿದ ಬ್ಯಾಟರಿ. ವೃತ್ತಿ ಬಿಟ್ಟವರು ಡ್ರೋನ್ ಸಮೇತ ಮಾರುವುದುಂಟು. ಕಡಿಮೆ ಬಾರಿ ಚಾರ್ಜ್ ಆಗಿದೆ ಎಂಬುದೊಂದೇ ಇಲ್ಲಿ ಸಮಾಧಾನದ ಮಾತಲ್ಲ. ವರ್ಷಗಟ್ಟಲೆ ಪೂರ್ತಿ ಚಾರ್ಜ್‌ನಲ್ಲಿ ಅಥವಾ ಪೂರ್ತಿ ಖಾಲಿಯಾಗಿ ಇಟ್ಟಿದ್ದರೆ ಇಪ್ಪತ್ತೇ ಬಾರಿ ಬಳಸಿದ ಬ್ಯಾಟರಿಯೂ ಹಾಳಾಗಿರುತ್ತದೆ.

ಇವೆಲ್ಲದರ ನಡುವೆ ಒಂದು ಸ್ವಾರಸ್ಯವಿದೆ. 2010ರ ಪ್ಯಾರಟ್ ಎಆರ್ ಡ್ರೋನ್, 2013ರ ಮೊದಲ ಫ್ಯಾಂಟಮ್‌ನಂಥ ಇನ್ನೂ ಹಳೆಯ ಯಂತ್ರಗಳು ಚಿಪ್ ಇಲ್ಲದ ಸರಳ 11.1 ವೋಲ್ಟ್ ಬ್ಯಾಟರಿಯಲ್ಲಿ ಹಾರುತ್ತಿದ್ದವು. ಅಳತೆ, ಕನೆಕ್ಟರ್ ಹಾಗೂ ವಿದ್ಯುತ್ ಕೊಡುವ ಸಾಮರ್ಥ್ಯ ಹೊಂದಿದರೆ ಹವ್ಯಾಸಿಗಳ ಅಂಗಡಿಯ ಹೊಸ ಬ್ಯಾಟರಿಯೇ ಅವುಗಳಿಗೆ ಸಾಕು. ಬ್ಯಾಟರಿ 'ಬುದ್ಧಿವಂತ' ಆದಷ್ಟೂ ಕಂಪನಿಯ ಮೇಲಿನ ಅವಲಂಬನೆ ಹೆಚ್ಚಿತು.

ತರಿಸುವುದು ಸುಲಭವಲ್ಲ

ವಿದೇಶದಿಂದ ತರಿಸುತ್ತೇವೆ ಎನ್ನುವವರು ಸಾಗಣೆಯ ನಿಯಮ ತಿಳಿದಿರಬೇಕು. ಉಪಕರಣವಿಲ್ಲದೆ ಬಿಡಿಯಾಗಿ ಕಳುಹಿಸುವ ಲೀಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್ 1ರಿಂದ ಅಂತರರಾಷ್ಟ್ರೀಯವಾಗಿ ನಿಷೇಧಿಸಲಾಗಿದೆ. ಸರಕು ವಿಮಾನದಲ್ಲೂ ಶೇ 30ಕ್ಕಿಂತ ಹೆಚ್ಚು ಚಾರ್ಜ್ ಇರಕೂಡದು. ಹೀಗಾಗಿ 'ಮೂರೇ ದಿನಕ್ಕೆ ವಿಮಾನದಲ್ಲಿ' ಎಂದು ಅಗ್ಗದ ದರದಲ್ಲಿ ಭರವಸೆ ಕೊಡುವ ಮಾರಾಟಗಾರ ನಿಯಮ ಪಾಲಿಸುತ್ತಿದ್ದಾನೆಯೇ ಎಂದು ಅನುಮಾನಿಸಬೇಕಾಗುತ್ತದೆ.

ವಿದೇಶದಿಂದ ಬರುವ ಬಂಧುಗಳ ಕೈಯಲ್ಲಿ ತರಿಸಿದರೆ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಹೊರೆಗೆ ಹಾಕುವ ಪೆಟ್ಟಿಗೆಯಲ್ಲಿ ಬಿಡಿ ಬ್ಯಾಟರಿಗೆ ಅವಕಾಶವಿಲ್ಲ. 100 ವ್ಯಾಟ್ ಅವರ್‌ವರೆಗಿನ ಬ್ಯಾಟರಿಗಳನ್ನು ಸಾಮಾನ್ಯವಾಗಿ ಒಯ್ಯಬಹುದು. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದೂ ಎರಡೇ. ಅದಕ್ಕಿಂತ ಹೆಚ್ಚಿನದಕ್ಕೆ ಅವಕಾಶವಿಲ್ಲ. ಮೇಲೆ ಹೇಳಿದ ಮೂರೂ ಮಾದರಿಗಳು ನೂರರ ಒಳಗಿವೆ. ತುದಿಗಳಿಗೆ ಟೇಪ್ ಹಚ್ಚಿ ಪ್ರತ್ಯೇಕ ಚೀಲದಲ್ಲಿಡುವುದು ಕ್ಷೇಮ.

ಕೈಗೆ ಬಂದ ದಿನ ಮಾಡಬೇಕಾದ್ದು

ಹಣ ಕೊಡುವ ಮೊದಲು ತಯಾರಿಕೆ ದಿನಾಂಕದ ಚಿತ್ರ ಕೇಳಬೇಕು. ವಾಪಸಾತಿಯ ಷರತ್ತನ್ನು ಬರಹದಲ್ಲಿ ಪಡೆಯಬೇಕು. ಜಿಎಸ್‌ಟಿ ಸಹಿತ ಬಿಲ್ ಇಲ್ಲದ ವ್ಯವಹಾರಕ್ಕೆ ಒಪ್ಪಬಾರದು. ಮುಂದೆ ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಆ ಬಿಲ್ಲೇ ಆಧಾರ.

ಬ್ಯಾಟರಿ ಕೈಗೆ ಬಂದ ಕೂಡಲೇ ಸಮತಟ್ಟಾದ ಕಲ್ಲಿನ ಮೇಲಿಟ್ಟು ನೋಡಬೇಕು. ಅಲುಗಾಡಿದರೆ ಉಬ್ಬಿದೆ ಎಂದರ್ಥ. ಸಿಹಿಯಾದ, ಬಣ್ಣದ ಥಿನ್ನರ್‌ನಂಥ ವಾಸನೆ ಬಂದರೆ ಸೆಲ್ ಸೋರುತ್ತಿದೆ. ಎರಡೂ ಸಂದರ್ಭದಲ್ಲಿ ಚಾರ್ಜ್ ಮಾಡದೆ ಹಿಂದಿರುಗಿಸಬೇಕು.

ನಂತರ ಡ್ರೋನ್‌ಗೆ ಹಾಕಿ ಆ್ಯಪ್‌ನ ಬ್ಯಾಟರಿ ಪುಟ ತೆರೆಯಬೇಕು. ಡಿಜೆಐ ಮಾದರಿಗಳಲ್ಲಿ ತಯಾರಿಕೆ ದಿನಾಂಕ, ಚಾರ್ಜ್ ಆದ ಸಂಖ್ಯೆ ಮತ್ತು ಪ್ರತಿ ಸೆಲ್‌ನ ವೋಲ್ಟೇಜ್ ಅಲ್ಲಿ ಕಾಣುತ್ತವೆ. ಪೂರ್ತಿ ಚಾರ್ಜ್ ಆದ ಮೇಲೆ ಸೆಲ್‌ಗಳ ನಡುವೆ ನೂರರಲ್ಲಿ ಒಂದೆರಡು ಭಾಗ ವೋಲ್ಟ್‌ನಷ್ಟು ವ್ಯತ್ಯಾಸ ಸಹಜ. ಹಾರುವಾಗ ಒಂದು ಸೆಲ್ ಮಾತ್ರ ಉಳಿದವುಗಳಿಗಿಂತ 0.1 ವೋಲ್ಟ್ ಅಥವಾ ಹೆಚ್ಚು ಕೆಳಗಿಳಿದರೆ ಅದನ್ನು ದುರ್ಬಲ ಎಂದು ಪರಿಗಣಿಸುವುದು ಅನುಭವಿಗಳ ರೂಢಿ.

ಮೊದಲ ಹಾರಾಟ ಜನರಿಲ್ಲದ ಬಯಲಿನಲ್ಲಿ, ನೆಲದಿಂದ ಎರಡು ಮೀಟರ್ ಎತ್ತರದಲ್ಲಿ ನಡೆಯಲಿ. ನಿಂತಲ್ಲೇ ನಿಲ್ಲಿಸಿ ಶೇ 30ಕ್ಕೆ ಬರುವವರೆಗೆ ಗಡಿಯಾರ ಹಿಡಿದು ನೋಡಬೇಕು. ಶೇಕಡಾವಾರು ಒಂದೇ ವೇಗದಲ್ಲಿ ಇಳಿಯುತ್ತಿದ್ದರೆ ಒಳ್ಳೆಯ ಲಕ್ಷಣ. 60ರಿಂದ 40ಕ್ಕೆ ಒಮ್ಮೆಲೇ ಜಿಗಿದರೆ ಕೂಡಲೇ ಇಳಿಸಿ ಹಿಂದಿರುಗಿಸುವುದು ಲೇಸು. ಹೀಗೆ ಮೂರು ಬಾರಿ ಪರೀಕ್ಷಿಸಿದ ನಂತರವಷ್ಟೇ ಕೆಲಸಕ್ಕೆ ಒಯ್ಯಬೇಕು. ಮದುವೆಯ ಹಿಂದಿನ ರಾತ್ರಿ ಬಂದ ಬ್ಯಾಟರಿಯನ್ನು ಬೆಳಿಗ್ಗೆ ದಿಬ್ಬಣದ ಮೇಲೆ ಹಾರಿಸುವುದು ಜೂಜಲ್ಲದೆ ಬೇರಲ್ಲ.

ಇಡುವ ಕ್ರಮ, ಎಸೆಯುವ ಕ್ರಮ

ಒಳ್ಳೆಯ ಬ್ಯಾಟರಿ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿಯಿತು. ಅದನ್ನು ಉಳಿಸಿಕೊಳ್ಳುವುದು ಉಳಿದರ್ಧ. ವಾರಕ್ಕೂ ಹೆಚ್ಚು ಕಾಲ ಬಳಸದಿದ್ದರೆ ಶೇ 40ರಿಂದ 65ರಷ್ಟು ಚಾರ್ಜ್‌ನಲ್ಲಿ, ತಂಪಾದ ಒಣ ಜಾಗದಲ್ಲಿಡಬೇಕು. ಮೂರು ತಿಂಗಳಿಗೊಮ್ಮೆ ಹೊರತೆಗೆದು ಚಾರ್ಜ್ ನೋಡಬೇಕು. ಹಾರಿಸಿದ ಕೂಡಲೇ ಬಿಸಿಯಿರುವಾಗ ಚಾರ್ಜ್‌ಗೆ ಹಾಕಬಾರದು. 5ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ಚಾರ್ಜ್ ಮಾಡಬೇಕೆಂಬುದು ತಯಾರಕರ ಸೂಚನೆ. ಮಂಚ, ಸೋಫಾ, ಪರದೆಗಳಿಂದ ದೂರ, ಕಲ್ಲಿನ ನೆಲದ ಮೇಲೆ, ಎಚ್ಚರವಿರುವಾಗಲಷ್ಟೇ ಚಾರ್ಜ್ ನಡೆಯಲಿ. ಹೊಗೆ ಕಂಡರೆ ಅದನ್ನು ಉಸಿರಾಡದೆ ಎಲ್ಲರೂ ಹೊರಬಂದು 112ಕ್ಕೆ ಕರೆ ಮಾಡಬೇಕು. ಆ ಹೊಗೆ ವಿಷಕಾರಿ.

ಉಬ್ಬಿದ ಬ್ಯಾಟರಿಯನ್ನು ಒತ್ತಿ ಸರಿಪಡಿಸುವ, ಸೂಜಿಯಿಂದ ಚುಚ್ಚಿ ಗಾಳಿ ತೆಗೆಯುವ ಸಾಹಸಗಳು ನೇರವಾಗಿ ಬೆಂಕಿಗೆ ಆಹ್ವಾನ. ಅದನ್ನು ಮನೆಯ ಕಸದ ಬುಟ್ಟಿಗೂ ಹಾಕುವಂತಿಲ್ಲ, ಗುಜರಿಗೂ ಕೊಡುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಇತರ ಕಸದಿಂದ ಬೇರ್ಪಡಿಸಿ ಅಧಿಕೃತ ಸಂಗ್ರಹಣೆ ಅಥವಾ ಮರುಬಳಕೆ ಘಟಕಕ್ಕೆ ಒಪ್ಪಿಸುವುದು ಬಳಕೆದಾರರ ಹೊಣೆ.

ಕೊಳ್ಳಬೇಕೇ, ಬಿಡಬೇಕೇ?

ಕೊನೆಗೆ ಉಳಿಯುವುದು ಲೆಕ್ಕಾಚಾರ. ಒಂದು ಕಾರ್ಯಕ್ರಮಕ್ಕೆ ಕನಿಷ್ಠ ಮೂರು ಬ್ಯಾಟರಿ ಬೇಕು. ಮೂರರ ಬೆಲೆ ಡ್ರೋನ್‌ನ ಇಂದಿನ ಮರುಮಾರಾಟ ಬೆಲೆಯನ್ನು ಮೀರಿದರೆ ಮೂಗಿಗಿಂತ ಮೂಗುತಿ ಭಾರವಾದಂತೆ. ಮೋಟಾರು, ಗಿಂಬಲ್, ರಿಮೋಟ್ ಕೂಡ ಹಳೆಯವೇ ಎಂಬುದನ್ನೂ ಮರೆಯಬಾರದು. ರಿಮೋಟ್‌ನೊಳಗೂ ಒಂದು ಬ್ಯಾಟರಿಯಿದೆ; ಅದಕ್ಕೂ ಅಷ್ಟೇ ವಯಸ್ಸಾಗಿದೆ.

ಕಾನೂನಿನ ಬದಿಯನ್ನೂ ನೋಡಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ಡ್ರೋನ್‌ಗೆ ವಿಶಿಷ್ಟ ಗುರುತಿನ ಸಂಖ್ಯೆ ಇರಬೇಕು. 250 ಗ್ರಾಂ ಮೀರಿದ ಡ್ರೋನ್ ಅನ್ನು ಮದುವೆಯ ಚಿತ್ರೀಕರಣದಂಥ ವ್ಯಾಪಾರಿ ಕೆಲಸಕ್ಕೆ ಬಳಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರವೂ, ಮೂರನೆಯವರ ಹಾನಿಗೆ ವಿಮೆಯೂ ಅಗತ್ಯ. ನೋಂದಣಿಯೇ ಆಗದ ಹಳೆಯ ಡ್ರೋನ್‌ಗೆ ಬ್ಯಾಟರಿ ಕೊಳ್ಳುವ ಮೊದಲು ಅದನ್ನು ಕಾನೂನುಬದ್ಧವಾಗಿ ಹಾರಿಸಲು ಸಾಧ್ಯವೇ ಎಂದು ವಿಚಾರಿಸುವುದು ಒಳಿತು. 250 ಗ್ರಾಂ ಒಳಗಿನ ಪುಟ್ಟ ಡ್ರೋನ್‌ಗೆ ದೊಡ್ಡ ಬ್ಯಾಟರಿ ಹಾಕಿದರೆ ತೂಕ ಮಿತಿ ದಾಟಿ ಅದರ ವರ್ಗವೇ ಬದಲಾಗಬಹುದು ಎಂಬುದೂ ಗಮನಾರ್ಹ.

ಹಾಗೆಂದು ಹಳೆಯ ಡ್ರೋನ್‌ಗಳನ್ನೆಲ್ಲ ಮೂಲೆಗೆ ಎಸೆಯಬೇಕೆಂದಲ್ಲ. ಇತ್ತೀಚೆಗೆ ತಯಾರಾದ ಸೆಲ್, ಸರಿಯಾದ ವೋಲ್ಟೇಜ್, ಬಿಗಿಯಾಗಿ ಕೂರುವ ಹೊದಿಕೆ, ಬಿಲ್ ಸಹಿತ ಮಾರಾಟಗಾರ, ಮೂರು ಪರೀಕ್ಷಾ ಹಾರಾಟ ಇಷ್ಟಿದ್ದರೆ ಎಂಟು ವರ್ಷದ ಯಂತ್ರವೂ ಹೊಲದ ಮೇಲೆ, ಕೆರೆಯ ಮೇಲೆ ನಿಶ್ಚಿಂತೆಯಿಂದ ಹಾರಬಲ್ಲದು. ಇಷ್ಟರಲ್ಲಿ ಒಂದು ಕೊರತೆಯಾದರೂ ಅದನ್ನು ಜನರ ತಲೆಯ ಮೇಲೆ ಹಾರಿಸಬಾರದು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಛಾಯಾಗ್ರಾಹಕರಿಗೂ ಅನ್ವಯಿಸುತ್ತದೆ. ಬ್ಯಾಟರಿಯಲ್ಲಿ ಉಳಿಸಿದ ಒಂದೆರಡು ಸಾವಿರ ರೂಪಾಯಿ, ಚಪ್ಪರದ ಮೇಲೆ ಬಿದ್ದ ಒಂದು ಡ್ರೋನ್‌ನಿಂದ ಹೋದ ಹೆಸರನ್ನು ಮರಳಿ ತರುವುದಿಲ್ಲ. ಒಳ್ಳೆಯ ಬ್ಯಾಟರಿ ಸಿಗದ ಮುಹೂರ್ತದಲ್ಲಿ ಡ್ರೋನ್ ಪೆಟ್ಟಿಗೆಯಲ್ಲೇ ಇರಲಿ. ಚಿತ್ರವನ್ನು ನೆಲದ ಮೇಲೆ ನಿಂತೂ ತೆಗೆಯಬಹುದು.